ಈ ಸಲ ಗುದ್ದಲಿ ತಾವೇ ತನ್ನಿ

ಮಾಜಿ ಜಿಲ್ಲಾ ಪಂಚಾಯಿತಿ ಸದಸ್ಯರೂ, ಹೆದ್ದಾರಿಯ ಫ್ಲೆಕ್ಸುಗಳ ಪ್ರಕಾರ ಮುಂದಿನ ಲೋಕಸಭಾ ಸದಸ್ಯರೂ ಆದವರಿಗೆ,

ಮಾನ್ಯರೇ,

ಅಕ್ಷರ ಸೊಟ್ಟಗಿರುವುದಕ್ಕೂ ಕಾಗುಣಿತ ತಪ್ಪಿರುವುದಕ್ಕೂ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಈಗ ಅದೇ ಐದರಲ್ಲಿ ಓದುತ್ತಿರುವ ನನ್ನ ತಂಗಿ ಬೃಂದಾ ಪಕ್ಕದಲ್ಲಿ ಕೂತು ಒತ್ತಕ್ಷರ ತಿದ್ದಿಕೊಟ್ಟಿದ್ದಾಳೆ. ‘ಶಂಕುಸ್ಥಾಪನೆ’ ಎಂದು ಬರೆಯುವ ಕಡೆ ನಾನು ‘ಶಂಕೆಸ್ಥಾಪನೆ’ ಎಂದು ಬರೆದಿದ್ದೆ. “ಅಕ್ಕ, ಶಂಕೆ ಅಂದ್ರೆ ಅನುಮಾನ ಕಣೇ” ಎಂದು ನಕ್ಕು ಹೊಡೆದುಹಾಕಿದಳು. ತಮ್ಮ ವಿಷಯ ಬರೆಯುವಾಗ ಆ ಪದವನ್ನು ತಿದ್ದಬೇಕಾಗಿತ್ತೇ ಎಂಬ ಶಂಕೆ ನನಗಿನ್ನೂ ಹೋಗಿಲ್ಲ.

ದೂರು ಇಷ್ಟೇ. ನಮ್ಮ ಮನೆಯ ಮೂರು ಗುದ್ದಲಿಗಳು ತಮ್ಮಿಂದಾಗಿ ಕೆಲಸವಿಲ್ಲದೆ ಮೂಲೆ ಹಿಡಿದಿವೆ. ಹೋದ ವಾರ ತಮ್ಮ ಕಡೆಯವರು ನಾಲ್ಕನೆಯದನ್ನು ಕೇಳಿಕೊಂಡು ಬಂದಿದ್ದರು.

ತಮಗೆ ನಮ್ಮ ಮನೆ ನೆನಪಿರಲಿಕ್ಕಿಲ್ಲ, ಹಳ್ಳ ಮಾತ್ರ ಚೆನ್ನಾಗಿ ನೆನಪಿರುತ್ತದೆ. ಅಂತರಸಂತೆಯ ಕಡೆ ಹೋಗಲು ನಮ್ಮೂರಿನವರು ದಾಟಬೇಕಾದ ಹಳ್ಳದ ಈಚೆ ದಡದಲ್ಲಿ ಕೊನೆಯ ಮನೆ ನಮ್ಮದು. ಸೇತುವೆಯ ಶಂಕುಸ್ಥಾಪನೆಗೆಂದು ಗುದ್ದಲಿ ಪೂಜೆ ಮಾಡಲು ತಾವು ಬಂದಾಗಲೆಲ್ಲ ಶಾಮಿಯಾನ ಬರುತ್ತದೆ, ಮೈಕ್ ಬರುತ್ತದೆ, ಪೂಜೆಯವರು, ತೆಂಗಿನಕಾಯಿ, ಹಾರ, ಮೊಬೈಲಿನಲ್ಲಿ ಚಿತ್ರ ತೆಗೆಯುವ ಹುಡುಗರು ಎಲ್ಲ ಬರುತ್ತಾರೆ. ಗುದ್ದಲಿ ಮಾತ್ರ ಬರುವುದಿಲ್ಲ. ಮದುವೆಗೆ ಹೊರಟವರು ಗಂಡನ್ನೇ ಮನೆಯಲ್ಲಿ ಬಿಟ್ಟು ಬಂದ ಹಾಗೆ! ಕೊನೆಗೆ ಯಾರೋ ಕೂಗುತ್ತಾರೆ: “ಲೇ, ಆ ಕೊನೇಮನೇಲಿ ಒಂದ್ ಗುದ್ದಲಿ ಈಸ್ಕೊಂಡ್ ಬನ್ರಲಾ!”

ಮೊದಲ ಸಲ ತಾವು ಗ್ರಾಮ ಪಂಚಾಯಿತಿ ಅಧ್ಯಕ್ಷರಾಗಿದ್ದಿರಿ, ತಾಲ್ಲೂಕು ಪಂಚಾಯಿತಿಗೆ ನಿಂತಿದ್ದಿರಿ. ನಾನು ಐದನೇ ಕ್ಲಾಸಿನಲ್ಲಿದ್ದೆ. ಆರತಿ ತಟ್ಟೆ ಹಿಡಿಯಲು ನನ್ನನ್ನು ನಿಲ್ಲಿಸಿದ್ದರು. ತಾವು ನನ್ನ ತಲೆ ಸವರಿ, “ಈ ಸೇತುವೆ ಮೇಲೆ ಮೊದ್ಲು ಸ್ಕೂಲಿಗೆ ಹೋಗೋಳು ನೀನೇ ಕಣವ್ವ” ಅಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ತಟ್ಟೆ ಅಲ್ಲಾಡಿ ಆರತಿ ಆರಿಹೋಯಿತು. ನಮ್ಮೂರಿನ ಶಾಲೆ ಐದಕ್ಕೇ ಮುಗಿಯುತ್ತದೆ, ಆರಕ್ಕೆ ಹಳ್ಳದಾಚೆ ಹೋಗಬೇಕು. ಜೂನ್ ಬಂತು, ಶಾಲೆ ತೆರೆಯಿತು, ಹಳ್ಳದಲ್ಲಿ ನೀರೂ ಬಂತು. ಸೇತುವೆ ಬರಲಿಲ್ಲ. ಸುತ್ತು ದಾರಿ ಕಾಡಂಚಿನದು, ಬೆಳಗಿನ ಹೊತ್ತು ಆನೆಗಳು ನಿಂತಿರುತ್ತವೆ. ನೀರು ಇಳಿಯುವಷ್ಟರಲ್ಲಿ ದಸರಾ ರಜೆ ಬಂದಿತ್ತು, ನನ್ನ ಹೆಸರನ್ನು ಹಾಜರಿಯಿಂದ ತೆಗೆದಿದ್ದರು. ಇಂದಿಗೂ ಆರನೇ ಕ್ಲಾಸಿನ ಪುಸ್ತಕದಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತಿಲ್ಲ.

ತಾವು ಗೆದ್ದಿರಿ. ಮುಂದಿನ ಸಲ ಜಿಲ್ಲೆಗೆ ನಿಂತಾಗ ಅದೇ ಜಾಗದಲ್ಲಿ ಎರಡನೇ ಪೂಜೆ ಮಾಡಿ, “ಇದು ತಾಲ್ಲೂಕು ಮಟ್ಟದಲ್ಲಿ ಆಗೋ ಕೆಲ್ಸ ಅಲ್ಲ, ಜಿಲ್ಲೆಗೆ ಕಳಿಸಿ” ಅಂದಿರಿ. ಕಳಿಸಿದೆವು. ಮೂರನೇ ಸಲ, “ಜಿಲ್ಲೆಯಲ್ಲಿ ದುಡ್ಡಿಲ್ಲ, ವಿಧಾನಸಭೆಗೆ ಕಳಿಸಿ” ಅಂದಿರಿ. ಆ ಸಲ ಸೋತಿರಿ. ಸೋತವರು ಒಂದು ಮೆಟ್ಟಿಲು ಕೆಳಗಿಳಿಯುತ್ತಾರೆ ಎಂದು ನಾನು ತಿಳಿದಿದ್ದೆ. ತಾವು ಸೋತೂ ದಿಲ್ಲಿಯ ಕಡೆಗೆ ಹತ್ತಿದಿರಿ. ಈಗ ಈ ಸೇತುವೆ ದಿಲ್ಲಿಯಲ್ಲೇ ಆಗಬೇಕಂತೆ. ತಾವು ಮೇಲೆ ಹೋದ ಹಾಗೆಲ್ಲ ನಮ್ಮ ಸೇತುವೆಯೂ ತಮ್ಮ ಹಿಂದೆಯೇ ಹತ್ತುತ್ತಾ ಹೋಗುತ್ತಿದೆ. ಹಳ್ಳಕ್ಕೆ ಅಷ್ಟು ಬುದ್ಧಿಯಿಲ್ಲ, ಇನ್ನೂ ತಗ್ಗಿನಲ್ಲೇ ಹರಿಯುತ್ತಿದೆ.

ತಮ್ಮ ಪ್ರಚಾರದ ಹುರುಪನ್ನು ಮೆಚ್ಚಲೇಬೇಕು. ಸೋದರತ್ತೆಯನ್ನು ಆಸ್ಪತ್ರೆಗೆ ತೋರಿಸಲು ಹುಣಸೂರಿಗೆ ಹೋದರೆ ಅಲ್ಲಿಂದಾಚೆ ಬಿಳಿಕೆರೆಯವರೆಗೂ ತಾವು ಕೈ ಮುಗಿದು ನಿಂತಿದ್ದೀರಿ. ಪಿರಿಯಾಪಟ್ಟಣದಲ್ಲೂ ಇದ್ದೀರಿ, ಕೆ.ಆರ್. ನಗರದಲ್ಲೂ ಇದ್ದೀರಂತೆ. ಬೃಂದಾಳ ಮೇಷ್ಟ್ರು ಹೇಳಿದರು: ಲೋಕಸಭೆಗೆ ನಮ್ಮ ಕೋಟೆ ತಾಲ್ಲೂಕು ಸೇರುವುದು ಚಾಮರಾಜನಗರಕ್ಕೆ, ಹುಣಸೂರು ಪಿರಿಯಾಪಟ್ಟಣ ಮೈಸೂರಿಗೆ, ಕೆ.ಆರ್. ನಗರ ಮಂಡ್ಯಕ್ಕೆ. ಹಾಗಾದರೆ ತಾವು ನಿಲ್ಲುವುದು ಎಲ್ಲಿ? ಟಿಕೆಟ್ ಎಲ್ಲಿ ಸಿಗುತ್ತದೋ ಅಲ್ಲಿನವರ ಮನೆಮಗನೇ? ಅಷ್ಟೊಂದು ಮನೆಗಳಿಗೆ ಮಗನಾದವರು ಒಂದು ಮನೆಯ ಗುದ್ದಲಿಯನ್ನಾದರೂ ಹಿಂದಿರುಗಿಸಬಾರದೇ?

ಗುದ್ದಲಿ ನಮ್ಮ ಮನೆಯಲ್ಲೇ ಇದೆಯಲ್ಲ, ಹಿಂದಿರುಗಿಸುವುದೇನು ಎಂದು ಕೇಳಬಹುದು. ಇಲ್ಲೊಂದು ತೊಡಕಿದೆ. ಭೂಮಿತಾಯಿಯ ಮುಂದೆ ಒಂದು ಕೆಲಸದ ಹೆಸರು ಹೇಳಿ ಪೂಜೆಯಾದ ಗುದ್ದಲಿ ಮೊದಲು ಆ ಕೆಲಸದ ಮಣ್ಣನ್ನೇ ಮುಟ್ಟಬೇಕು ಎನ್ನುತ್ತಾಳೆ ನಮ್ಮಮ್ಮ ಮಲ್ಲಾಜಮ್ಮ. ತಾವು ಅದನ್ನು ಎತ್ತಿ ಹಿಡಿದು, ಚಿತ್ರ ತೆಗೆಸಿಕೊಂಡು, ನೆಲಕ್ಕೆ ತಾಗಿಸದೆ ಕಾರು ಹತ್ತುತ್ತೀರಿ. ನೆಲ ಮುಟ್ಟಿದರೆ ಬಿಳಿ ಪ್ಯಾಂಟಿಗೆ ಮಣ್ಣು ಸಿಡಿಯುತ್ತದಲ್ಲ. ಹೀಗೆ ಮೂರೂ ಗುದ್ದಲಿಗಳು ಅರಿಶಿನ ಕುಂಕುಮ ಹಚ್ಚಿಕೊಂಡು ಮೂಲೆಯಲ್ಲಿ ಸೇತುವೆಗಾಗಿ ಕಾಯುತ್ತಿವೆ. ನಮ್ಮಪ್ಪ ಸಣ್ಣಬೀರಯ್ಯ ಶುಂಠಿಗೆ ಮಡಿ ಮಾಡಬೇಕೆಂದರೆ ಪಕ್ಕದ ಹೊಲದ ಶಿವನಂಜಪ್ಪನವರ ಹತ್ತಿರ ಗುದ್ದಲಿ ಬೇಡುತ್ತಿದ್ದರು. ಅವರು, “ಒಯ್ಯಿ ಕಣಪ್ಪ, ಆದ್ರೆ ಪೂಜೆಗೆ ಮಾತ್ರ ಕೊಡಬ್ಯಾಡ” ಎಂದು ಭಾಷೆ ತೆಗೆದುಕೊಂಡೇ ಕೊಡುತ್ತಿದ್ದರು. ಬೇಡಿ ಸಾಕಾಗಿ ಅಪ್ಪ ಹೋದ ತಿಂಗಳು ನಾಲ್ಕನೆಯದೊಂದನ್ನು ಕೊಂಡು ತಂದರು. ತಮ್ಮ ಕಾರುಗಳ ಸಾಲು ಕಂಡರೆ ನಮ್ಮೂರಿನವರು ಗುದ್ದಲಿಗಳನ್ನು ಹುಲ್ಲಿನ ಮೆದೆಯೊಳಗೆ ಬಚ್ಚಿಡುತ್ತಾರೆ. ಬೇರೆ ನಾಯಕರು ಬಂದರೆ ಜನ ಕೋಳಿ ಬಚ್ಚಿಡುತ್ತಿದ್ದರಂತೆ.

ಹೋದ ವಾರ ಬಂದವರು ತಮ್ಮ ಕಡೆಯ ನಟರಾಜು. “ಮಲ್ಲಾಜಕ್ಕ, ಗುರುವಾರ ಸಾಹೇಬ್ರು ಬತ್ತಾವ್ರೆ. ನೀತಿ ಸಂಹಿತೆ ಬರೋಕ್ ಮುಂಚೆ ಪೂಜೆ ಮುಗೀಬೇಕು. ಗುದ್ದಲಿ ಒಂಚೂರು ತೊಳ್ದು ಮಡಗಿರಿ” ಅಂದರು.

ಅಮ್ಮ ಒಳಗಿನಿಂದಲೇ ಕೇಳಿದಳು: “ಮೂರ್ ಅವೆ ಕಣಪ್ಪ. ಯಾವ್ದ್ ಬೇಕು? ತಾಲ್ಲೂಕುದ್ದಾ, ಜಿಲ್ಲೇದಾ, ಎಮ್ಮೆಲ್ಲೆದಾ?”

“ಅವು ಬ್ಯಾಡ ಕಣಕ್ಕ, ತುಕ್ಕು ಹಿಡ್ದವೆ, ಫೋಟೋದಲ್ಲಿ ಚೆಂದ ಕಾಣಕ್ಕಿಲ್ಲ. ಹೊಸಾದು ತಂದೀರಂತಲ್ಲ, ಅದ್ನೇ ಕೊಡಿ.”

ಅಪ್ಪನಿಗೆ ತಡೆಯಲಾಗಲಿಲ್ಲ. “ಅದ್ನೂ ಕೊಟ್ಬುಟ್ಟು ಶುಂಠಿ ಮಡಿಯ ಅಲ್ಲಲ್ಲಿ ಕೆರೀಲೇನ್ಲಾ?” ಎಂದರು. ಹಲ್ಲಿನಲ್ಲಿ ಕೆರೆಯುವ ಮಾತು ಕೇಳಿ ನಟರಾಜು ನಕ್ಕುಬಿಟ್ಟರು. ನಗು ನಿಂತ ಮೇಲೆ ಬೃಂದಾ ಬಾಗಿಲಲ್ಲಿ ನಿಂತು, “ಮಾಮ, ಈ ಸಲ ಜೂನಿಗೆ ಸೇತುವೆ ಆಯ್ತದಾ? ನಾನು ಆರ್ನೇ ಕ್ಲಾಸು” ಎಂದಳು. ಅವರು ಮೊಬೈಲ್ ನೋಡಿಕೊಂಡು, “ಸಾಹೇಬ್ರುನ್ನ ದಿಲ್ಲಿಗೆ ಕಳ್ಸವ್ವ, ಆಯ್ತದೆ” ಅಂದರು. ಅವಳಿಗೆ ಹತ್ತು ವರ್ಷ, ಓಟಿಲ್ಲ. ನನಗಿದೆ. ಆದರೆ ಬಾಯಿ ಬಿಟ್ಟು ಒಂದು ಮಾತು ಹೇಳಲು ನನಗೆ ಆಗಲಿಲ್ಲ, ಆರತಿ ತಟ್ಟೆಯ ದಿನದ ಹಾಗೇ ನಿಂತಿದ್ದೆ. ಅದಕ್ಕೇ ಈ ಪತ್ರ.

ಮಾನ್ಯರೇ, ಗುರುವಾರ ದಯವಿಟ್ಟು ಬನ್ನಿ. ಗುದ್ದಲಿ ತಾವೇ ತನ್ನಿ. ಪೂಜೆಯಾದ ಮೇಲೆ ಒಂದು ಮಂಕರಿ ಮಣ್ಣನ್ನಾದರೂ ತಮ್ಮ ಕೈಯಿಂದಲೇ ಅಗೆದು, ಆಮೇಲೆ ಕಾರು ಹತ್ತಿ. ಭಾರಿ ಸೇತುವೆ ನಾವು ಕೇಳುತ್ತಿಲ್ಲ, ಮಕ್ಕಳು ನಡೆದು ದಾಟುವಂಥ ಒಂದು ಕಾಲು ಸೇತುವೆ ಸಾಕು. ಅದೂ ಜೂನಿನೊಳಗೆ ಆಗದಿದ್ದರೆ, ನಾಲ್ಕು ತಾಲ್ಲೂಕು ಸುತ್ತುತ್ತಿರುವ ತಮ್ಮ ಪ್ರಚಾರದ ಜೀಪುಗಳಲ್ಲಿ ಒಂದನ್ನು ಮಳೆಗಾಲ ಮುಗಿಯುವವರೆಗೆ ಸುತ್ತು ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಕಳಿಸಿ. ಜೀಪಿನ ಮೇಲೆ ತಮ್ಮ ಚಿತ್ರ ಇರಲಿ, ನಮ್ಮ ಅಭ್ಯಂತರವಿಲ್ಲ. ಆನೆಗಳಿಗೂ ಪರಿಚಯವಾಗುತ್ತದೆ.

ಇವತ್ತು ಬೆಳಿಗ್ಗೆ, ಇಲ್ಲಿಯವರೆಗೆ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು, “ಪೂಜೆ ಆಗಿದ್ದು ಹಳ್ಳದ್ ಕೆಲ್ಸುಕ್ಕೆ ತಾನೇ? ಅಂಗಾರೆ ಹಳ್ಳುಕ್ಕೇ ಎತ್ಕೊಂಡೋಗು, ತಪ್ಪಿಲ್ಲ ಬುಡು” ಅಂದಳು. ಇಷ್ಟು ವರ್ಷ ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ತಾವೇ ಮಾಡುತ್ತೀರಿ ಎಂದುಕೊಂಡಿದ್ದೆವು. ನಾನು ತಾಲ್ಲೂಕು ಪಂಚಾಯಿತಿಯ ಗುದ್ದಲಿ ತೆಗೆದುಕೊಂಡು ಹೋಗಿ, ದಡದ ಜಾರು ಮಣ್ಣಿನಲ್ಲಿ ಮೆಟ್ಟಿಲು ಕಡಿಯಲು ಶುರು ಮಾಡಿದೆ. ಕುಂಕುಮ ಮಣ್ಣಿಗೆ ಸೇರಿತು. ಮೆಟ್ಟಿಲು ಸೇತುವೆಯಲ್ಲ, ನೀರು ಬಂದರೆ ಮುಳುಗುತ್ತದೆ ಎಂದು ಗೊತ್ತು. ಒಂದು ಮೆಟ್ಟಿಲಾದ ಮೇಲೆ ಬೃಂದಾ ಅದರ ಮೇಲೆ ನಿಂತು, “ಇನ್ನೊಂಚೂರು ಅಗಲ ಮಾಡಕ್ಕ, ಬ್ಯಾಗ್ ಹಾಕ್ಕಂಡ್ರೆ ಸಾಲಲ್ಲ” ಅಂದಳು. ಅಗಲ ಮಾಡಿದೆ.

ಇಂತಿ,
ತಾವು ಪೂಜಿಸಿದ ಗುದ್ದಲಿಗಳನ್ನು ಇಷ್ಟು ವರ್ಷ ಕಾದ,
ಆ ಸೇತುವೆಯ ಮೇಲೆ ಮೊದಲು ಶಾಲೆಗೆ ಹೋಗಬೇಕಾಗಿದ್ದ
ಪವಿತ್ರಾ
(ಐದನೇ ತರಗತಿ ಪಾಸು)