ಬಡಗಣ ಗೋಡೆಯನ್ನು ನಮಗೆ ಬಿಡಿ

ಫೆಬ್ರವರಿ 30, 2191
ಹೊಸದುರ್ಗದ ಸೀಮೆ, ನಿಮ್ಮದೇ ಗುಡ್ಡ

ಪ್ರೀತಿಯ ಶಶಿರೇಖಾ ಅಜ್ಜಿ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮೂವತ್ತು ತುಂಬದ ನಿಮ್ಮನ್ನು ಅಜ್ಜಿ ಎಂದಿದ್ದಕ್ಕೂ ಕ್ಷಮೆಯಿರಲಿ. ನನ್ನ ಗಂಡ ಕುಬೇಂದ್ರ ನಿಮ್ಮಿಂದ ಐದನೆಯ ತಲೆಮಾರು. ನನ್ನ ಕೈಯ ಮದರಂಗಿ ಇನ್ನೂ ಮಾಸಿಲ್ಲ. ಅವನು ಎಷ್ಟು ಮುದ್ದು ಎಂದು ಬರೆಯಹೊರಟರೆ ಕಾಗದ ಸಾಲದು, ಆದ್ದರಿಂದ ಬರೆಯುವುದಿಲ್ಲ.

ನಮಗೆ ಸಿಕ್ಕಿರುವುದು ಅಚ್ಚುಮನೆ. ಬೆಳಿಗ್ಗೆ ಯಂತ್ರ ಬಂದು ಹಿಟ್ಟು ಹುಯ್ದಂತೆ ಗೋಡೆ ಹುಯ್ಯುತ್ತದೆ, ಮಧ್ಯಾಹ್ನದ ಊಟಕ್ಕೆ ಮನೆ ಸಿದ್ಧ. ಬೆಳಕು, ನೀರು, ತಂಪು, ಎಲ್ಲವೂ ತಾನಾಗಿ ಬರುತ್ತದೆ. ಕೈಯಿಂದ ಹೊಸ ಗೋಡೆ ಕಟ್ಟುವಂತಿಲ್ಲ. ಮನೆ ಕಟ್ಟಲೆಂದು ಸುತ್ತಲಿನ ಗುಡ್ಡಗಳನ್ನು ಅಗೆದು ಮುಗಿಸಿದ ಮೇಲೆ ಬಂದ ಕಾನೂನು ಇದು, ಇದಕ್ಕೆ ಕಟ್ಟುತಡೆ ಎನ್ನುತ್ತಾರೆ. ಹಿರಿಯರು ಅರ್ಧಕ್ಕೆ ಬಿಟ್ಟದ್ದನ್ನು ಪೂರ್ತಿ ಮಾಡಲು ಮಾತ್ರ ಅನುಮತಿಯುಂಟು.

ನಿಮ್ಮ ವಂಶದಲ್ಲಿ ಹೊಸ ಸೊಸೆ ಬಂದಾಗ ಎಲ್ಲರೂ ಈ ಗುಡ್ಡದ ಮನೆಗೆ ಬಂದು, ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ಕೂತು, ಮನೆಯ ಕಥೆ ಹೇಳುತ್ತಾರೆ. ಕರೆಂಟಿನ ಕಂಬವೇ ಬೇಡವೆಂದು ನೀವು ಗಂಡ ಪಾಲಾಕ್ಷಜ್ಜನ ಜೊತೆ ಬಂದದ್ದು, ಸೌರಫಲಕಕ್ಕಿಂತ ಮೊದಲು ಮಂಗಗಳು ಮಾಡು ಹತ್ತಿದ್ದು, ಮಳೆನೀರಿನ ತೊಟ್ಟಿ ಎರಡು ಸಲ ಸೋರಿದ್ದು. ಆಮೇಲೆ ನನಗೆ ತುಂಬ ಇಷ್ಟವಾದ ಕಥೆ: ಸರಿಯಾಗಿ ಬಡಿಯದ ರಾಗಿಹುಲ್ಲನ್ನು ಮಣ್ಣಿಗೆ ಕಲಸಿ ಮೆತ್ತಿ, ಮೊದಲ ಮಳೆಗೆ ಗೋಡೆಯೆಲ್ಲ ರಾಗಿ ಪೈರು ಮೊಳೆತದ್ದು!

"ಏನೇ ಶಶಿ, ಗೋಡೆ ಕಟ್ಟಿದ್ವೋ, ಹೊಲ ಬಿತ್ತಿದ್ವೋ?" ಎಂದರಂತೆ ಅಜ್ಜ.

"ಕೊಯ್ಲಿಗೆ ನಿಮ್ ತಂಗೀನ ಕರೀರಿ. ನಮ್ಮನೆ ನೋಡಿ ಮೊದ್ಲು ನಕ್ಕೋಳು ಅವ್ಳೇ," ಎಂದಿರಂತೆ ನೀವು.

ಇದನ್ನು ಹೇಳುವಾಗ ಕುಬೇಂದ್ರನ ಕಣ್ಣಲ್ಲಿ ನೀರು ಬರುವಷ್ಟು ನಗು. ನಮ್ಮ ಮನೆಯ ಬಗ್ಗೆ ಅವನು ಒಮ್ಮೆಯೂ ಹಾಗೆ ನಕ್ಕಿಲ್ಲ. ನಗಲು ಅಲ್ಲಿ ಏನಾದರೂ ಆಗಿದ್ದರೆ ತಾನೆ? ನನಗೆ ಮೈಯೆಲ್ಲ ಉರಿಯಿತು.

"ಸತ್ತೋರ ಮೇಲೆ ಯಾಕೇ ಹೊಟ್ಟೆಕಿಚ್ಚು?" ಅಂದ.

"ಅವ್ರು ಮನೆ ಕಟ್ಟಿದ್ರು ಕಣೋ. ನಾವು ಬೀಗದಕೈ ಇಸ್ಕೊಂಡ್ವಿ," ಅಂದೆ.

ಹೌದು ಅಜ್ಜಿ, ಹೊಟ್ಟೆಕಿಚ್ಚೇ. ನಿಮ್ಮ ಕೈಯ ಬೊಬ್ಬೆಗಳ ಮೇಲೆ, ಸೋರುವ ತೊಟ್ಟಿಯ ಮೇಲೆ, ಇಬ್ಬರೂ ಮಣ್ಣು ತುಳಿಯುತ್ತ ಆಡಿದ ಜಗಳಗಳ ಮೇಲೆ. ಈ ಕಾಗದ ನಿಮ್ಮನ್ನು ಮುಟ್ಟುವ ಹೊತ್ತಿಗೆ, ಮೂರು ಮಳೆಗಾಲ ಕಳೆದರೂ ಮನೆ ಮುಗಿಯಲಿಲ್ಲವೆಂದು ನೀವು ಅಳುತ್ತಿದ್ದೀರಂತೆ. ಉಳಿದಿರುವ ಬಡಗಣ ಗೋಡೆಯನ್ನು ಸಿಮೆಂಟ್ ಇಟ್ಟಿಗೆಯಲ್ಲಿ ಎಬ್ಬಿಸಿಬಿಡಲು ಕಂಟ್ರಾಕ್ಟರನಿಗೆ ಹೇಳಿದ್ದೀರಂತೆ. ಅವನು ಒಂದೇ ವಾರದಲ್ಲಿ ಮುಗಿಸುತ್ತಾನೆ. ಆ ಗೋಡೆ ಇವತ್ತಿಗೂ ನೆಟ್ಟಗೆ ನಿಂತಿದೆ, ಆದರೆ ಅದಕ್ಕೆ ಯಾರೂ ಬೆನ್ನು ಕೊಟ್ಟು ಕೂರುವುದಿಲ್ಲ. ಅದರ ಬಗ್ಗೆ ಹೇಳಲು ಯಾರಿಗೂ ಏನೂ ಇಲ್ಲ.

ಬೇಡಿಕೊಳ್ಳುತ್ತೇನೆ, ಅವನಿಗೆ ಬೇಡವೆನ್ನಿ. ಅಲ್ಲೊಂದು ಚಾಪೆ ಇಳಿಬಿಡಿ. ಚಳಿಯಾದರೆ ಅಜ್ಜನಿಗೆ ಇನ್ನಷ್ಟು ಒತ್ತಿ ಮಲಗಿ. ಆ ಗೋಡೆ ಅರ್ಧಕ್ಕೆ ನಿಂತಿದ್ದರೆ ಅದನ್ನು ಕಟ್ಟುವ ಹಕ್ಕು ನಮ್ಮದಾಗುತ್ತದೆ. ನಾವೂ ತಪ್ಪು ಮಾಡುತ್ತೇವೆ, ಜಗಳವಾಡುತ್ತೇವೆ, ರಾಗಿ ಮೊಳೆಸುತ್ತೇವೆ.

ಈ ಕಾಗದ ಇಟ್ಟಿಗೆಯ ಲಾರಿಗಿಂತ ಮೊದಲು ನಿಮ್ಮನ್ನು ಮುಟ್ಟಲಿ. ಇಂದು ಇಲ್ಲೇ, ಆ ಗೋಡೆಯ ಪಕ್ಕ ಹಾಸಿಗೆ ಹಾಸಿದ್ದೇನೆ. ಬೆಳಗಿನ ಜಾವ ಆ ಕಡೆಯಿಂದ ಕಾಲಿಗೆ ಗಾಳಿ ತಾಕಿದರೆ, ನೀವು ಒಪ್ಪಿದಿರೆಂದು ತಿಳಿದು, ಮೊದಲು ಕುಬೇಂದ್ರನನ್ನು ಎಬ್ಬಿಸಿ ಮಣ್ಣು ತರಲು ಕಳಿಸುತ್ತೇನೆ.

ನಿಮ್ಮ ಮೇಲೆ ಬಹಳ ಹೊಟ್ಟೆಕಿಚ್ಚಿರುವ,
ಸೊಸೆ ವನಮಾಲಾ