ಹುಂಜದ ಮಾತು

ಲೊಮೆ,
೧೪ ನವೆಂಬರ್ ೧೯೭೮

ಪ್ರೀತಿಯ ಅಫೆಫಾ ಅಕ್ಕನಿಗೆ,

ನಿನ್ನ ಸೆನ್ಯೊ ಮಾಡುವ ನಮಸ್ಕಾರಗಳು. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ನಾಲ್ಕು ಸಲ ಉತ್ತರ ಬರೆದೆ, ನಾಲ್ಕು ಸಲ ಹರಿದು ಹಾಕಿದೆ. ನಾಟಕ ಬರೆಯುವವನಿಗೆ ಒಂದು ಕಾಗದ ಬರೆಯಲು ಏನು ಧಾಡಿ ಎಂದು ನೀನು ಬೈಯುತ್ತಿರಬಹುದು. ಬೈದುಕೋ.

ಭಾವನ ಕೆಲಸ ಹೋಗಿ, ನೀವಿಬ್ಬರೂ ಕೊಟೊನುವಿನ ಸಂತೆಯಲ್ಲಿ ಮೀನು ಹುರಿದು ಮಾರುತ್ತಿರುವ ಸುದ್ದಿ ತಿಳಿದು ಅನ್ನ ಸೇರಲಿಲ್ಲ. ನಮ್ಮ ಇಡೀ ನಾಟಕದ ತಂಡಕ್ಕೆ ವೇಷದ ಬಟ್ಟೆ ಹೊಲಿದ ಕೈ ನಿನ್ನದು.

ಮುಂದಿನ ತಿಂಗಳು ನಿನ್ನ ತಮ್ಮ ದೊತ್ಸೆಯ ಕೊನೆಯ ಕ್ರಿಯೆ. ನಿಮ್ಮ ಮನೆಯವರೆಲ್ಲ ಅಂದು ಉಡಲು ಒಂದೇ ಅಚ್ಚಿನ ಬಟ್ಟೆ ತಂದಿದ್ದಾರೆ. ನಿನ್ನ ಪಾಲಿನ ತುಂಡನ್ನು ನೀನು ವಾಪಸು ಕಳಿಸಿದೆಯಂತೆ. ನಿಮ್ಮ ಅಮ್ಮ ಅದನ್ನು ನನಗೆ ತೋರಿಸಿ ಅತ್ತರು. "ನನ್ ಮಾತು ಕೇಳಲ್ಲ ಅವಳು. ನೀನಾದ್ರೂ ಬರಿಯಪ್ಪಾ, ಒಡಹುಟ್ಟಿದವನು ಕಣೇ ಅಂತ" ಎಂದರು. ನೀನೋ, "ಎತ್ತಿ ಆಡಿಸಿದ ತಮ್ಮನೇ ನಾಲಿಗೆ ಬಿಗಿಹಿಡಿಯದೆ ಗಂಡನ ಕೆಲಸ ಕಳೆದ, ನನ್ನ ಮನೆ ಹಾಳು ಮಾಡಿದ, ಅವನ ಕ್ರಿಯೆಗೆ ಬರಲಾರೆ" ಎಂದು ಬರೆದಿದ್ದೀ.

ನಡೆದದ್ದನ್ನು ನಿನಗೆ ಯಾರೂ ನೆಟ್ಟಗೆ ಹೇಳಿಲ್ಲ. ನಮ್ಮ ಆಟಕ್ಕೆ ಪುಸ್ತಕವೇ ಇರಲಿಲ್ಲ, ನಿನಗೇ ಗೊತ್ತು. ಕಥೆ ಇಷ್ಟು ಎಂದು ನಾನು ಹೇಳಿದರೆ ಸಾಕು, ಮಾತು ರಂಗದ ಮೇಲೇ ಹುಟ್ಟುತ್ತಿತ್ತು. ದೊತ್ಸೆ ಸೊಸೆಯಾಗಿ ಅಳುತ್ತ ಕೂತರೆ ಸಂತೆಯ ಹೆಂಗಸರು ಮೇಲೆ ಹತ್ತಿ ಬಂದು, "ಅಳಬೇಡ ಕಣೇ, ನಿಮ್ಮತ್ತೆ ಬಾಯಿಗೆ ಮಣ್ಣು ಬೀಳ!" ಎಂದು ಅವನ ಕೈಗೆ ಕಿತ್ತಳೆ ಕೊಡುತ್ತಿದ್ದರು. ಹೋದ ವರ್ಷ ಹೊಸ ಕಟ್ಟಳೆ ಬಂತು. "ಬರಹ ಇಲ್ದೆ ಪರವಾನಗಿ ಇಲ್ಲ. ಪ್ರತಿಯೊಂದು ಮಾತೂ ಬೇಕು" ಎಂದ ಅಧಿಕಾರಿ. ಹದಿನಾಲ್ಕು ವರ್ಷ ಆಟ ಆಡಿಸಿದವನು ಮೊದಲ ಸಲ ಪೆನ್ನು ಹಿಡಿದೆ. ನಮ್ಮ ಪಾತ್ರಗಳಿಗೆ ಹೆಸರೆಲ್ಲಿತ್ತು? ಮಾತು ಆಡುವವರ ಹೆಸರನ್ನೇ ಬರೆದೆ. ಸೊಸೆಯ ಮಾತಿನ ಎದುರು ದೊತ್ಸೆ ಎಂದು ಬರೆದೆ. ದಡ್ಡತನ.

ಬರಹ ಕೊಟ್ಟ ಮೂರನೆಯ ದಿನ ನಮ್ಮಿಬ್ಬರನ್ನೂ ಕರೆಸಿದರು. ಅಧಿಕಾರಿ ಹನ್ನೊಂದನೆಯ ಪುಟ ತೆಗೆದು ಗಟ್ಟಿಯಾಗಿ ಓದಿದ: "ಹುಂಜಕ್ಕೆ ಎಷ್ಟು ಪದಕ ಕಟ್ಟಿದ್ರೂ ಅದೇನ್ ಮೊಟ್ಟೆ ಇಡುತ್ತಾ?" ಎದೆ ತುಂಬ ಪದಕ ಹಾಕಿಕೊಳ್ಳುವ ದೊರೆ ಯಾರೆಂದು ಕೇಳಬೇಕಾಗಿರಲಿಲ್ಲ. "ನಿನ್ ಮಾತೇನೋ ಇದು?" ಎಂದ. "ನಂದೇ ಸ್ವಾಮಿ" ಎಂದ ದೊತ್ಸೆ.

ಅವನನ್ನು ಅಲ್ಲಿಂದಲೇ ಸೆರೆಗೆ ಒಯ್ದರು, ಏಳು ತಿಂಗಳ ಮೇಲೆ ಹೆಣ ಕೊಟ್ಟರು. ಜ್ವರ ಎಂದು ಚೀಟಿ ಇತ್ತು. ತೊಳೆಯಲು ಹೋದವರು ಮೈ ನೋಡಲಾರದೆ ಬಟ್ಟೆ ಪೂರ್ತಿ ಬಿಚ್ಚಲಿಲ್ಲ.

ನನ್ನದು ಚೆನ್ನಾಗಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಸರಕಾರದ ಹೊಸ ತಂಡಕ್ಕೆ ನನ್ನನ್ನೇ ನಿರ್ದೇಶಕನನ್ನಾಗಿ ಮಾಡಿದ್ದಾರೆ. ನಾನು ಬರೆದದ್ದನ್ನು ಹುಡುಗರು ಗಿಣಿಪಾಠ ಒಪ್ಪಿಸುತ್ತಾರೆ. ಯಾರೂ ನಗುವುದಿಲ್ಲ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾಟಕಕಾರ ಎಂದು ಪತ್ರಿಕೆಯವರು ಬರೆಯುತ್ತಾರೆ.

ಕ್ರಿಯೆಗೆ ಬಾ, ಅಕ್ಕ. ಅಕ್ಕನಾಗಿ ನೀನು ಮುಂದೆ ನಿಲ್ಲದಿದ್ದರೆ ಅವನು ಅನಾಥನ ಹಾಗೆ ಹೋಗುತ್ತಾನೆ. ದೇವರು ನಿನ್ನನ್ನೂ ಭಾವನನ್ನೂ ತಣ್ಣಗಿಡಲಿ, ನಿನ್ನ ಬಾಣಲೆ ಎಂದೂ ಆರದಿರಲಿ.

ಇಂತು ನಿನ್ನ
ಸೆನ್ಯೊ

ಮರೆತ ಮಾತು: ಮರೆತದ್ದಲ್ಲ. ನಾಲ್ಕು ಕಾಗದ ಹರಿದದ್ದು ಇದಕ್ಕೇ. ಆ ಹುಂಜದ ಮಾತನ್ನು ದೊತ್ಸೆ ಯಾವ ರಂಗದ ಮೇಲೂ ಆಡಿರಲಿಲ್ಲ. ಬರೆಯುತ್ತ ಬರೆಯುತ್ತ ಕೈಗೆ ಹುರುಪು ಬಂದು, ಸ್ವಂತದ್ದೊಂದು ಇರಲಿ ಎಂದು ನಾನೇ ಹೊಸೆದು ಅವನ ಹೆಸರಿನ ಮುಂದೆ ಬರೆದೆ. ಅದನ್ನು ಅವನು ಮೊದಲು ಕೇಳಿದ್ದು ಆ ಅಧಿಕಾರಿಯ ಬಾಯಲ್ಲಿ. ರಂಗದ ಮೇಲೆ ಜೊತೆಗಾರ ಯಾವ ಮಾತು ಎಸೆದರೂ ಹಿಡಿಯಬೇಕು, ನನ್ನದಲ್ಲ ಎಂದು ಅವನನ್ನು ಜನರೆದುರು ಬೀಳಿಸಬಾರದು. ಆಟಕ್ಕೆ ಸೇರಿದ ದಿನ ನಾನೇ ಅವನಿಗೆ ಕಲಿಸಿದ್ದೆ. ಅವನು ಹಿಡಿದ. ಹಿಡಿದು, ಮುಂದಿನ ಮಾತು ನನ್ನದು ಎಂದು ನನ್ನ ಮುಖ ನೋಡಿದ. ನಾನು ಆಡಲಿಲ್ಲ. ಅವನನ್ನು ಎಳೆದುಕೊಂಡು ಹೋಗುವವರೆಗೂ ಅವನು ನನ್ನ ಕಡೆಗೇ ನೋಡುತ್ತಿದ್ದ.