ರಾಗಿ ಉದುರದ ಜಾಲರಿ

ಮಾರ್ಚ್ 3, ಸೋಮವಾರ

ಬೆಳಗಿನಿಂದ ಸೆರಗು ನೇಯ್ದೆ. ಮೊಣಕಾಲು ಬಾತಿದೆ. ಮಗ್ಗದ ಗುಂಡಿಯಿಂದ ಕಾಲೆತ್ತಿ ಹೊರಗಿಡುವಷ್ಟರಲ್ಲಿ ಜೀವ ಹೋಗಿ ಬಂತು. ಅತ್ತಮ್ಮ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುತ್ತಲೇ ಸುದ್ದಿ ಹೇಳಿದರು. ಸಂಘದಿಂದ ಬರುವ ಜೇನುಪೆಟ್ಟಿಗೆ ರಂಜಿತಾಗಂತೆ. ಮೈದುನನ ಹೆಂಡತಿಗೆ!

ಜೇನು ಸಾಕುವ ಟ್ರೈನಿಂಗಿಗೆ ಹೋದವಳು ನಾನು. ಅವಳಿಗೆ ಆಗ ವಾಂತಿ, ಮಲಗಿದ್ದಳು. "ಕಲ್ತು ಬಂದೋಳು ನಾನಲ್ವಾ ಅತ್ತಮ್ಮ?" ಅಂದೆ.

"ನಿನ್ ಕೈ ಮಗ್ಗ ಬಿಟ್ರೆ ಮನೆ ನಡೀತೈತಾ ಸೌಂದರ್ಯ? ಅವ್ಳು ಬಸುರಿ. ಮಗ್ಗದ ಹತ್ರ ಕೂರಕ್ಕಾಗಲ್ಲ."

ನಾನು ಬಸುರಿಯಾಗಿದ್ದಾಗ ಏಳು ತಿಂಗಳು ತುಂಬುವವರೆಗೂ ಇದೇ ಗುಂಡಿಯಲ್ಲಿ ಕೂರಿಸಿದ್ದರಲ್ಲ. ಆಗ ಯಾರಿಗೆ ಕನಿಕರ ಬಂತು? ಈ ಗುಂಡಿಯಿಂದ ಎದ್ದು ಹೋಗಲು ನನಗಿದ್ದದ್ದು ಆ ಪೆಟ್ಟಿಗೆಗಳದೊಂದೇ ದಾರಿ. ಹೊಟ್ಟೆ ಉರಿಯುತ್ತಿದೆ. ಬರೆದರೂ ಆರುತ್ತಿಲ್ಲ.

ಮಾರ್ಚ್ 6

ಅತ್ತಮ್ಮ, ರಂಜಿತಾ, ನಾನು ಚಳ್ಳಕೆರೆಗೆ ಹೋಗಿದ್ದೆವು. ಹಾರ್ಡ್‌ವೇರ್ ಅಂಗಡಿ. ಪೆಟ್ಟಿಗೆಯ ತಳದ ಹಲಗೆ ತೆಗೆದು ಜಾಲರಿ ಹೊಡೆಯಬೇಕು. ಇಲ್ಲದಿದ್ದರೆ ಈ ಬಿಸಿಲಿಗೆ ಜೇನುಹುಳ ಬೆಂದುಹೋಗುತ್ತವೆ. ಎಂಥ ಜಾಲರಿ ಅಂತ ಟ್ರೈನಿಂಗಿನಲ್ಲಿ ಮಹಾಂತೇಶ ಸರ್ ಹೇಳಿದ್ದರು. ಮೇಲೆ ರಾಗಿ ಹಾಕಿದರೆ ಉದುರಬೇಕು, ಜೋಳ ಹಾಕಿದರೆ ನಿಲ್ಲಬೇಕು. ಆಗ ಹುಳ ಆಚೆ ಹೋಗುವುದಿಲ್ಲ, ಮೇಣದ ಪುಡಿ ಕೆಳಗೆ ಬೀಳುತ್ತದೆ, ಗಾಳಿ ಒಳಗೆ ಬರುತ್ತದೆ.

ಅಂಗಡಿಯವನು ಸುರುಳಿ ಬಿಚ್ಚಿ ಹಾಸಿದ. ನೈಲಾನಿನ ಸೊಳ್ಳೆ ಜಾಲರಿ. ಸ್ಟೀಲಿನ ದೊಡ್ಡ ಕಣ್ಣಿನದು. ಹಿಟ್ಟು ಜರಡಿ ಹಿಡಿಯುವಂಥ ಸಣ್ಣ ಕಣ್ಣಿನದು. ಸ್ಟೀಲಿನದೇ ಸರಿ ಅಂತ ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅತ್ತಮ್ಮ ಸಣ್ಣ ಕಣ್ಣಿನದನ್ನೇ ಬೆಳಕಿಗೆ ಹಿಡಿದರು, ಬೆರಳ ನಡುವೆ ಉಜ್ಜಿದರು, ರೇಷ್ಮೆ ನೋಡುವ ಹಾಗೆ. ನೇಯುವ ಮನೆಯವರಿಗೆ ಎಳೆ ಒತ್ತಾಗಿದ್ದಷ್ಟೂ ಮಾಲು ಮೇಲು!

"ಬಾಗುಂದಿ ಕದಾ, ಚೆನ್ನಾಗೈತಲ್ವಾ?" ಅಂತ ರಂಜಿತಾಳನ್ನು ಕೇಳಿದರು.

"ಇರುವೆನೂ ನುಗ್ಗಲ್ಲ ಬಿಡ್ರಿ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ನೀವು ಹೇಳ್ರಿ. ನಿಮಗೆ ಗೊತ್ತೈತೆ."

"ಇದೇ ಚೆನ್ನಾಗೈತೆ," ಅಂದೆ. ಬಾಯಿ ತಪ್ಪಿ ಅಲ್ಲ. ಬೇಕಂತಲೇ. ಹಾಳಾಗಲಿ. ಒಂದು ಸಲ ಹಾಳಾದರೆ ಪೆಟ್ಟಿಗೆ ನನ್ನ ಕೈಗೇ ಬರುತ್ತದೆ.

ಮಾರ್ಚ್ 22

ಹಿತ್ತಲಲ್ಲಿ ಹುಳಗಳು ಚೆನ್ನಾಗಿಯೇ ಇವೆ. ದರಿದ್ರದವು. ರಂಜಿತಾ ಜೇನು ತುಂಬಿದ ಎರಿಯ ತುಂಡೊಂದು ತಂದು ಮಗ್ಗದಲ್ಲಿದ್ದ ನನ್ನ ಬಾಯಿಗೇ ಇಟ್ಟಳು. "ಮೊದಲ್ನೇದು ನಿಮಗೆ ಅಕ್ಕ." ಉಗುಳಬೇಕು ಅನ್ನಿಸಿತು... ನುಂಗಿದೆ.

ಅವಳು ಮಲಗಿದಾಗ ಪೆಟ್ಟಿಗೆಯ ಕೆಳಗೆ ಬಗ್ಗಿ ನೋಡಿದೆ. ಜಾಲರಿಯ ಕಣ್ಣುಗಳಲ್ಲಿ ಮೇಣದ ಪುಡಿ ಗಚ್ಚಾಗಿ ಕೂತಿದೆ. ಮುಂದಿನ ಬಾಗಿಲು ತೆರೆದಿದೆ, ಅದಕ್ಕೆ ಉಸಿರಾಡುತ್ತಿವೆ. ಅಷ್ಟೇ.

ಮಾರ್ಚ್ 27, ಬೆಳಿಗ್ಗೆ

ಪೆಟ್ಟಿಗೆಗಳು ದೇವಸಮುದ್ರದ ಸೂರ್ಯಕಾಂತಿ ಹೊಲಕ್ಕೆ ಹೊರಟವು. ಮೈದುನ ರವಿತೇಜ ರಾತ್ರಿಯೇ ಹುಳ ಹೊರಬರದಂತೆ ಪೆಟ್ಟಿಗೆಯ ಬಾಗಿಲುಗಳಿಗೆ ಬಟ್ಟೆ ತುರುಕಿದ್ದ. ತಂಪು ಹೊತ್ತಿನಲ್ಲಿ ಹೋಗಬೇಕಿತ್ತು. ಲಗೇಜ್ ಆಟೊ ಬಂದಾಗ ಬಿಸಿಲು ಸುಡುತ್ತಿತ್ತು.

"ತಳದಿಂದ ಬರೋ ಗಾಳಿ ಸಾಕಾಗ್ತೈತಾ ಅಕ್ಕ?" ರಂಜಿತಾ ಆಟೊ ಹತ್ತುವ ಮುಂಚೆ ಕೇಳಿದಳು.

"ಸಾಕು. ಹೋಗ್ ಬಾ."

ಸಂಜೆ

ಸತ್ತವು. ಎಲ್ಲ ಪೆಟ್ಟಿಗೆಯೂ. ದಾರಿಯಲ್ಲಿ ಟೈರ್ ಪಂಕ್ಚರ್, ಮರವಿಲ್ಲದ ಕಡೆ ನಿಂತುಬಿಟ್ಟರಂತೆ. ಒಳಗೆ ಎರಿ ಕರಗಿ ಕುಸಿದಿದೆ. ಹುಳಗಳೆಲ್ಲ ಗಾಳಿಗೆ ಅಂತ ತಳಕ್ಕೆ ಬಂದು, ಒಂದರ ಮೇಲೊಂದು ಬಿದ್ದು, ಜೇನಿನಲ್ಲೇ ನೆಂದು ಮುದ್ದೆಯಾಗಿವೆ. ರಂಜಿತಾ ಅಂಗಳದಲ್ಲಿ ಕೂತು ಒಂದೊಂದೇ ಹುಳ ಎತ್ತಿ ಊದುತ್ತಿದ್ದಾಳೆ. ನಾನು ಅನ್ನಕ್ಕಿಟ್ಟೆ. ಖುಷಿಯಾಯಿತಾ? ಆಯಿತು. ಅನ್ನ ಬೇಯುವವರೆಗೆ.

"ಇನ್ಮೇಲೆ ನಾನ್ ನೋಡ್ಕೊಂತೀನಿ ಅತ್ತಮ್ಮ," ಅಂದೆ.

"ನೀನೂ ಬೇಡ, ಅವ್ಳೂ ಬೇಡ. ಪೆಟ್ಟಿಗೆ ಒಲೆಗಾಕು," ಅಂದರು. ಆಮೇಲೆ ಅಂಗಳದ ಕಡೆ ನೋಡಿ, "ನನ್ ಭುಜ ಬಿದ್ದೋಗೈತೆ. ನಾಳೆಯಿಂದ ಅಂಚಿನ ಲಾಳಿ ರಂಜಿತಾನೇ ಎಸೀಲಿ. ಬಸುರಿ ಆದ್ರೇನು, ಕೈಗೇನಾಗೈತೆ?"

ಏಪ್ರಿಲ್ 9

ಇಷ್ಟು ದಿನ ಬರೆಯಲಿಲ್ಲ.

ಒಂದೇ ಮಗ್ಗಕ್ಕೆ ಇಬ್ಬರೂ. ಅವಳು ಸರಿಯಾಗಿ ಕೂರಲಾರಳು, ಬಗ್ಗಿದರೆ ಹೊಟ್ಟೆ ಮರಕ್ಕೆ ಒತ್ತುತ್ತದೆ. ಕಾಲು ಬಾತಿದೆ, ನನ್ನದಕ್ಕಿಂತ ಹೆಚ್ಚು. ಒಂದು ಮಾತೂ ದೂರುವುದಿಲ್ಲ. ಅದೇ ಸಹಿಸಲಾಗುವುದಿಲ್ಲ.

ಇವತ್ತು ಲಾಳಿ ಎಸೆಯುತ್ತಾ ಅಂದಳು, "ಮಹಾಂತೇಶ ಸರ್ ಫೋನ್ ಮಾಡಿದ್ರು ಅಕ್ಕ. ರಾಗಿ ಉದುರ್ಬೇಕು, ಜೋಳ ನಿಲ್ಬೇಕು ಅಂತ ಎಲ್ಲರ್ಗೂ ಹೇಳಿದ್ರಂತೆ." ಮತ್ತೊಮ್ಮೆ ಲಾಳಿ ಎಸೆದು, "ನಿಮಗೆ ಮರ್ತೋಗಿತ್ತೇನೋ. ಅಲ್ವಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವಳೇ ದಾರಿ ಮಾಡಿಕೊಟ್ಟಿದ್ದಳು. ಅವಳ ಆ ಒಳ್ಳೆಯತನ ನೋಡಿ ಮೈಯೆಲ್ಲ ಉರಿಯಿತು.

"ಮರ್ತಿರ್ಲಿಲ್ಲ," ಅಂದೆ.

ಲಾಳಿ ಅವಳ ಕೈಯಲ್ಲೇ ನಿಂತಿತು. ಇನ್ನೊಂದು ಕೈ ಹೊಟ್ಟೆಯ ಮೇಲೆ ಹೋಯಿತು, ನಾನೇನೋ ಹೊಡೆಯುತ್ತೇನೆ ಅನ್ನುವಂತೆ. ಒಳಗಿನಿಂದ ಅತ್ತಮ್ಮ ಕೂಗಿದರು, "ಯಾಕೆ, ಮಗ್ಗದ ಸದ್ದಿಲ್ಲ?"

ಎಸೆದಳು. ಹಿಡಿದೆ. ಸೀರೆ ಇನ್ನೂ ಅರ್ಧವೂ ಆಗಿಲ್ಲ. ಇದಾದ ಮೇಲೆ ಇನ್ನೊಂದು ಸೀರೆಯ ಹಾಸು. ನಾಳೆ ಬೆಳಿಗ್ಗೆ ಮತ್ತೆ ಅವಳ ಪಕ್ಕ ಹೋಗಿ ಕೂರಬೇಕು.